ಮೆಟ್ರಿಕ್ಯುಲೇಶನ್ನಿನ ಎರಡು ಬಾಗಿಲುಗಳು: ಪ್ರೌಢಶಾಲೆಯ ತರುವಾಯದ ವೃತ್ತಿನಿರ್ಣಯದ ಚರಿತ್ರೆ

೧

ಪ್ರೌಢಶಾಲೆಯ ಕೊನೆಯ ಪರೀಕ್ಷೆ ಮುಗಿದ ಮೇಲೆ ಮುಂದೇನು ಎಂಬ ಪ್ರಶ್ನೆ ಇಂದು ಮನೆಮನೆಯದು. ಇದು ಅನಾದಿಯಿಂದ ಬಂದ ಪ್ರಶ್ನೆಯಂತೆ ತೋರಿದರೂ ನಮ್ಮ ದೇಶದಲ್ಲಿ ಇದಕ್ಕೆ ಎರಡು ಶತಮಾನಗಳ ವಯಸ್ಸೂ ಆಗಿಲ್ಲ. ಅದಕ್ಕೆ ಹಿಂದೆ ವೃತ್ತಿಯು ಬಹುಮಟ್ಟಿಗೆ ಹುಟ್ಟಿನೊಡನೆಯೇ ನಿರ್ಣಯವಾಗುತ್ತಿತ್ತು. ನೇಕಾರನ ಮಗ ಮಗ್ಗದ ಬಳಿ, ಕಮ್ಮಾರನ ಮಗ ಕುಲುಮೆಯ ಬಳಿ ಬೆಳೆದು ತಂದೆಯಿಂದಲೇ ಕಸುಬನ್ನು ಕಲಿಯುತ್ತಿದ್ದನು. ಶಾನುಭೋಗನ ಅಥವಾ ವ್ಯಾಪಾರಿಯ ಮಗನು ಕೂಲಿಮಠದಲ್ಲಿ ಮರಳಿನ ಮೇಲೆ ಅಕ್ಷರ ತಿದ್ದಿ, ಮಗ್ಗಿಯನ್ನು ಬಾಯಿಪಾಠ ಮಾಡಿ, ಕಡತ ಬರೆಯುವುದನ್ನೂ ಲೆಕ್ಕವಿಡುವುದನ್ನೂ ಕಲಿತು ಮನೆತನದ ಕೆಲಸಕ್ಕೆ ಸೇರುತ್ತಿದ್ದನು. ಅಲ್ಲಿ ಸರಕಾರದ ಪರೀಕ್ಷೆಯಿರಲಿಲ್ಲ, ಸರ್ಟಿಫಿಕೇಟು ಇರಲಿಲ್ಲ. ಆದುದರಿಂದ ಆಯ್ಕೆಯ ಸಂಕಟವಿರಲಿಲ್ಲ; ಆಯ್ಕೆಯ ಸ್ವಾತಂತ್ರ್ಯವೂ ಇರಲಿಲ್ಲ.

ಈ ಸ್ವಾತಂತ್ರ್ಯವೂ ಸಂಕಟವೂ ಒಂದೇ ಕಾಲದಲ್ಲಿ ಹುಟ್ಟಿದವು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಂದ ಮೆಟ್ರಿಕ್ಯುಲೇಶನ್ ಪರೀಕ್ಷೆಯೇ ಅವುಗಳ ಜನ್ಮಸ್ಥಾನ. ಅಂದಿನಿಂದ ಒಂದು ಆಕ್ಷೇಪಣೆಯೂ ಎಡೆಬಿಡದೆ ಕೇಳಿಬಂದಿದೆ: ನಮ್ಮ ಜನರಿಗೆ ಕಾರಕೂನಿಕೆಯ ವ್ಯಾಮೋಹ, ಕೈಕೆಲಸವೆಂದರೆ ತಾತ್ಸಾರ, ತಂದೆತಾಯಿಗಳು ಮಕ್ಕಳ ಒಲವನ್ನು ನೋಡದೆ ಎಲ್ಲರನ್ನೂ ಒಂದೇ ದಾರಿಯಲ್ಲಿ ಅಟ್ಟುತ್ತಾರೆ ಎಂದು. ಈ ಆಕ್ಷೇಪಣೆಯಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಚರಿತ್ರೆಯನ್ನು ಕ್ರಮವಾಗಿ ನೋಡಿದರೆ ತಂದೆತಾಯಿಗಳ ಲೆಕ್ಕಾಚಾರವು ಬಹುಪಾಲು ಸರಿಯಾಗಿಯೇ ಇತ್ತೆಂಬುದು ಕಂಡುಬರುತ್ತದೆ. ತಪ್ಪಿದ್ದುದು ಅವರ ಮುಂದೆ ಇಟ್ಟ ದಾರಿಗಳಲ್ಲಿ.

೨

ಈ ಚರಿತ್ರೆಯ ಮೊದಲ ಘಟ್ಟ ೧೮೪೪. ಆ ವರ್ಷ ಗವರ್ನರ್ ಜನರಲ್ ಲಾರ್ಡ್ ಹಾರ್ಡಿಂಜನು ಹೊರಡಿಸಿದ ನಿರ್ಣಯದಂತೆ ಸರಕಾರಿ ನೌಕರಿಯಲ್ಲಿ ಇಂಗ್ಲಿಷ್ ಶಿಕ್ಷಣ ಪಡೆದವರಿಗೆ ಪ್ರಾಶಸ್ತ್ಯ ದೊರೆಯಬೇಕೆಂದಾಯಿತು. ಶಾಲೆಗೂ ಸಂಬಳಕ್ಕೂ ಗಂಟು ಬಿದ್ದುದು ಇಲ್ಲಿ. ಹತ್ತು ವರ್ಷಗಳ ಅನಂತರ, ೧೮೫೪ರಲ್ಲಿ, ಚಾರ್ಲ್ಸ್ ವುಡ್ಡನ ಶಿಕ್ಷಣ ಸಂದೇಶವು ಬಂದಿತು. ಜನಸಾಮಾನ್ಯರಿಗೆ ಅವರವರ ಬಾಳಿಗೆ ಉಪಯುಕ್ತವಾದ ವ್ಯಾವಹಾರಿಕ ಜ್ಞಾನ ಸಿಗಬೇಕೆಂಬ ಮಾತೂ ಅದರಲ್ಲಿ ಇತ್ತು. ಆದರೆ ಅದರ ಫಲವಾಗಿ ಕಣ್ಣಿಗೆ ಕಾಣುವಂತೆ ಎದ್ದುನಿಂತುದು ವಿಶ್ವವಿದ್ಯಾನಿಲಯಗಳು. ೧೮೫೭ರಲ್ಲಿ ಕಲಕತ್ತೆ, ಮುಂಬಯಿ, ಮದರಾಸುಗಳಲ್ಲಿ ಅವು ಸ್ಥಾಪಿತವಾದವು.

ಮುಂಬಯಿ ವಿಶ್ವವಿದ್ಯಾನಿಲಯದ ಮೊದಲ ಮೆಟ್ರಿಕ್ಯುಲೇಶನ್ ಪರೀಕ್ಷೆ ನಡೆದುದು ೧೮೫೯ರಲ್ಲಿ. ಅದರಲ್ಲಿ ತೇರ್ಗಡೆಯಾದವರಲ್ಲಿ ಮಹಾದೇವ ಗೋವಿಂದ ರಾನಡೆಯವರೂ ಒಬ್ಬರು. ಮೆಟ್ರಿಕ್ಯುಲೇಶನ್ ಎಂಬ ಶಬ್ದಕ್ಕೆ ವಿಶ್ವವಿದ್ಯಾನಿಲಯದ ಪಟ್ಟಿಯಲ್ಲಿ ಹೆಸರು ದಾಖಲಿಸುವುದು ಎಂದು ಅರ್ಥ. ಅಂದರೆ ಅದು ಪ್ರೌಢಶಾಲೆಯ ಪರೀಕ್ಷೆಯಲ್ಲ, ಕಾಲೇಜಿನ ಹೊಸ್ತಿಲಿನ ಪರೀಕ್ಷೆ. ಹುಡುಗನು ಶಾಲೆಯಲ್ಲಿ ಏನು ಕಲಿತನೆಂಬುದಕ್ಕಿಂತ ಕಾಲೇಜಿನ ಪಾಠವನ್ನು ತಾಳಬಲ್ಲನೇ ಎಂಬುದನ್ನು ಅಳೆಯುವುದು ಅದರ ಉದ್ದೇಶ. ಇಂತಹ ಪರೀಕ್ಷೆಯು ಪ್ರೌಢಶಾಲೆಯ ಕೊನೆಯಲ್ಲಿ ನಿಂತಿತು. ಕೊನೆಗೆ ಪ್ರೌಢಶಾಲೆಯ ಪಾಠಕ್ರಮವನ್ನೆಲ್ಲ ತನ್ನ ಅಚ್ಚಿನಲ್ಲಿ ಎರಕ ಹೊಯ್ದಿತು.

ಆದರೆ ಪರೀಕ್ಷೆಗೆ ಕುಳಿತವರೆಲ್ಲ ಕಾಲೇಜಿಗೆ ಹೋಗತಕ್ಕವರಲ್ಲ. ಕಲೆಕ್ಟರರ ಕಚೇರಿ, ರೈಲ್ವೆ, ಟಪಾಲು, ವ್ಯಾಪಾರದ ಕಂಪನಿಗಳು ಬೆಳೆಯುತ್ತಿದ್ದವು. ಇವುಗಳಿಗೆ ಇಂಗ್ಲಿಷು ಬರೆಯಬಲ್ಲ ಗುಮಾಸ್ತರು ಬೇಕಾಗಿದ್ದರು. ನೌಕರಿ ಕೊಡುವವರಿಗೆ ತಾವೇ ಪರೀಕ್ಷೆ ನಡೆಯಿಸುವ ಶ್ರಮವಿಲ್ಲದೆ ಒಂದು ಸಿದ್ಧವಾದ ಅಳತೆಗೋಲು ದೊರೆಯಿತು. ಮೆಟ್ರಿಕ್ ಪಾಸಾದ ಕಾಗದವು ಎಲ್ಲ ಊರುಗಳಲ್ಲಿಯೂ ಚಲಾವಣೆಯಾಗುವ ಹುಂಡಿಯಂತಾಯಿತು. ಧಾರವಾಡದಲ್ಲಿ ಬರೆಸಿಕೊಂಡದ್ದನ್ನು ಮುಂಬಯಿಯಲ್ಲಿ ಮುರಿಸಬಹುದಾಗಿತ್ತು. ಅದರ ಬೆಲೆ ಎಷ್ಟು ಏರಿತೆಂದರೆ ಪಾಸಾಗದಿದ್ದವನಿಗೂ ಅದರಲ್ಲಿ ಸ್ವಲ್ಪ ಪಾಲು ಸಿಕ್ಕಿತು. ‘ಮೆಟ್ರಿಕ್ ಫೇಲ್’ ಎಂಬುದೂ ಅರ್ಜಿಯಲ್ಲಿ ಬರೆದುಕೊಳ್ಳತಕ್ಕ ಯೋಗ್ಯತೆಯಾಯಿತು. ಅದಕ್ಕೂ ಕೆಳಗೆ, ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳಲ್ಲಿ, ದೇಶಭಾಷೆಯ ಶಾಲೆಯ ಏಳನೆಯ ಇಯತ್ತೆಯ ಕೊನೆಗೆ ಮುಲ್ಕಿ ಪರೀಕ್ಷೆಯಿತ್ತು. ಮುಲ್ಕಿ ಪಾಸಾದವನು ಪ್ರಾಥಮಿಕ ಶಾಲೆಯ ಮಾಸ್ತರನಾಗಬಹುದು, ಕೆಳದರ್ಜೆಯ ಕೆಲಸಕ್ಕೆ ಸೇರಬಹುದು; ಆದರೆ ಕಾಲೇಜಿನ ಬಾಗಿಲು ಅವನಿಗೆ ಮುಚ್ಚಿತ್ತು.

ಹೀಗೆ ಮೆಟ್ರಿಕ್ಯುಲೇಶನ್ನಿಗೆ ಎರಡು ಬಾಗಿಲುಗಳಾದವು: ಒಂದು ಕಾಲೇಜಿಗೆ, ಇನ್ನೊಂದು ಕಚೇರಿಗೆ. ಎರಡಕ್ಕೂ ಬೀಗದಕೈ ಒಂದೇ. ಮುಂದಿನ ಎಲ್ಲ ಸುಧಾರಣೆಗಳ ಸೋಲಿಗೂ ಮೂಲವು ಈ ಒಂದು ಸಂಗತಿಯಲ್ಲಿದೆ.

೩

೧೮೮೨ರಲ್ಲಿ ವಿಲಿಯಂ ಹಂಟರನ ಅಧ್ಯಕ್ಷತೆಯಲ್ಲಿ ನೇಮಕವಾದ ಶಿಕ್ಷಣ ಆಯೋಗವು ಈ ಸ್ಥಿತಿಯನ್ನು ಗುರುತಿಸಿತು. ಪ್ರೌಢಶಾಲೆಯ ಮೇಲಿನ ತರಗತಿಗಳನ್ನು ಎರಡಾಗಿ ಒಡೆಯಬೇಕೆಂದು ಅದರ ಸಲಹೆ. ಒಂದು ಶಾಖೆ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಗೆ ಒಯ್ಯುವಂತಹುದು; ಇನ್ನೊಂದು ಹುಡುಗರನ್ನು ವ್ಯಾಪಾರಕ್ಕೂ ಸಾಹಿತ್ಯೇತರವಾದ ಇತರ ಉದ್ಯೋಗಗಳಿಗೂ ಅಣಿಗೊಳಿಸುವ ವ್ಯಾವಹಾರಿಕ ಶಾಖೆ. ಅಂದಿಗೆ ಇದು ದೂರದೃಷ್ಟಿಯ ಸಲಹೆಯೇ. ಪ್ರಾಂತಪ್ರಾಂತಗಳಲ್ಲಿ ಬೇರೆ ಬೇರೆ ಹೆಸರುಗಳಿಂದ ಪರ್ಯಾಯ ಪಾಠಕ್ರಮಗಳೂ ಪರೀಕ್ಷೆಗಳೂ ಏರ್ಪಟ್ಟವು.

ಪರಿಣಾಮವೇನಾಯಿತು? ಇಪ್ಪತ್ತು ವರ್ಷಗಳ ಅನಂತರ, ೧೯೦೧-೦೨ರಲ್ಲಿ, ಮೆಟ್ರಿಕ್ಯುಲೇಶನ್ ಅಥವಾ ಎಂಟ್ರನ್ಸ್ ಪರೀಕ್ಷೆಗೆ ಕುಳಿತವರು ಸುಮಾರು ೨೩,೦೦೦ ಮಂದಿ. ಪರ್ಯಾಯ ಪರೀಕ್ಷೆಗಳಿಗೆಲ್ಲ ಸೇರಿ ೨,೦೦೦ಕ್ಕೂ ಕಡಿಮೆ. ಲಾರ್ಡ್ ಕರ್ಜನನ ಸರಕಾರವು ೧೯೦೪ರ ಶಿಕ್ಷಣ ನಿರ್ಣಯದಲ್ಲಿ ಇದರ ಕಾರಣವನ್ನು ಮರೆಮಾಚದೆ ಒಪ್ಪಿಕೊಂಡಿತು: ಸಾಹಿತ್ಯಪ್ರಧಾನವಾದ ಪಾಠಕ್ರಮವು ವಿಶ್ವವಿದ್ಯಾನಿಲಯಕ್ಕೂ ಸರಕಾರಿ ನೌಕರಿಗೂ ಒಟ್ಟಿಗೆ ಅರ್ಹತೆ ಕೊಡುತ್ತಿದ್ದುದರಿಂದ ಬಹುಜನ ವಿದ್ಯಾರ್ಥಿಗಳು ಅದನ್ನೇ ಹಿಡಿಯುತ್ತಿದ್ದರು.

ಇಲ್ಲಿ ಒಂದು ಕ್ಷಣ ನಿಲ್ಲುವುದು ಉಚಿತ. ಸಾಲ ಮಾಡಿ ಮಗನನ್ನು ಇಂಗ್ಲಿಷ್ ಶಾಲೆಗೆ ಕಳುಹಿಸಿದ ತಂದೆಯ ಸ್ಥಾನದಲ್ಲಿ ನಿಂತು ಯೋಚಿಸಬೇಕು. ಹದಿನೈದು-ಹದಿನಾರು ವರ್ಷದ ಹುಡುಗನ ಬುದ್ಧಿ ಯಾವ ಕಡೆಗೆ ತಿರುಗುವುದೆಂದು ಯಾರಿಗೂ ತಿಳಿಯದು. ಒಂದು ದಾರಿ ಹಿಡಿದರೆ ಕಾಲೇಜೂ ಉಂಟು, ಕಾಲೇಜಿಗೆ ಹಣ ಸಾಲದಿದ್ದರೆ ಕಚೇರಿಯೂ ಉಂಟು. ಇನ್ನೊಂದು ದಾರಿ ಹಿಡಿದರೆ ಕಾಲೇಜು ಇಲ್ಲ. ಸಿಗಬಹುದಾದ ಉದ್ಯೋಗವೂ ಅನಿಶ್ಚಿತ. ಎರಡೂ ದಾರಿಗಳ ವೆಚ್ಚ ಹೆಚ್ಚುಕಡಿಮೆ ಸಮಾನವಾದಾಗ ವಿವೇಕಿಯಾದವನು ಯಾವುದನ್ನು ಆರಿಸಿಕೊಂಡಾನು? ಇದನ್ನು ವ್ಯಾಮೋಹವೆನ್ನುವುದಕ್ಕಿಂತ ಮೂಲಧನವನ್ನು ಕಾಪಾಡಿಕೊಳ್ಳುವ ಎಚ್ಚರಿಕೆಯೆನ್ನುವುದು ನ್ಯಾಯ.

ಇದಲ್ಲದೆ ಬೇರೆ ಕಾರಣಗಳೂ ಇದ್ದವು. ವ್ಯಾವಹಾರಿಕ ಶಾಖೆಗೆ ಕಾರ್ಖಾನೆಯ ಕೋಣೆ, ಉಪಕರಣ, ಕಸುಬು ಬಲ್ಲ ಉಪಾಧ್ಯಾಯ ಇವೆಲ್ಲ ಬೇಕು. ಸಾಹಿತ್ಯ ಶಾಖೆಗೆ ಒಂದು ಕಪ್ಪುಹಲಗೆ ಸಾಕು. ಹೊಸ ಉದ್ಯಮಗಳು ಕೆಲವೇ ನಗರಗಳಲ್ಲಿದ್ದುದರಿಂದ ಕಲಿತ ಕೈಗೆ ಬೇಡಿಕೆ ಕಡಿಮೆ. ಕೈಕೆಲಸವು ಜಾತಿಯ ಕಟ್ಟಿನಲ್ಲಿ ಸಿಕ್ಕಿದ್ದುದರಿಂದ ಓದುಬರಹದ ಮನೆತನಗಳು ಅದನ್ನು ಕೀಳೆಂದು ಎಣಿಸುತ್ತಿದ್ದುದೂ ನಿಜ. ಆದರೆ ಈ ಕೊನೆಯ ಕಾರಣಕ್ಕೆ ಮಿತಿಮೀರಿದ ಮಹತ್ತ್ವವನ್ನು ಕೊಡಲಾಗಿದೆ. ಕೈಕೆಲಸದ ಆಚೆ ಖಚಿತವಾದ ಸಂಬಳವಿದ್ದಲ್ಲಿ ಆ ತಾತ್ಸಾರವು ಬೇಗನೆ ಸಡಿಲಿತೆಂಬುದಕ್ಕೆ ಕನ್ನಡನಾಡಿನಲ್ಲಿಯೇ ನಿದರ್ಶನಗಳಿವೆ.

೪

೧೯೫೬ರವರೆಗೆ ಕನ್ನಡನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದಿತಷ್ಟೆ. ಆದುದರಿಂದ ಪ್ರೌಢಶಾಲೆ ಮುಗಿಸಿದ ಕನ್ನಡ ಹುಡುಗನ ಮುಂದಿದ್ದ ದಾರಿಗಳೂ ಆಯಾ ಆಡಳಿತದಂತೆ ಬೇರೆಯಾಗಿದ್ದವು.

ಮುಂಬಯಿ ಇಲಾಖೆಗೆ ಸೇರಿದ ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳಲ್ಲಿ ೧೯೧೭ರಲ್ಲಿ ಧಾರವಾಡದ ಕರ್ನಾಟಕ ಕಾಲೇಜು ಆರಂಭವಾಗುವವರೆಗೆ ಕಾಲೇಜೇ ಇರಲಿಲ್ಲ. ಮೆಟ್ರಿಕ್ ಆದವನು ಮುಂದೆ ಓದಬೇಕಾದರೆ ಪುಣೆಗೋ ಮುಂಬಯಿಗೋ ಹೋಗಬೇಕು. ಆಲೂರು ವೆಂಕಟರಾಯರು ಹೋದುದು ಪುಣೆಯ ಫರ್ಗ್ಯುಸನ್ ಕಾಲೇಜಿಗೆ; ದ. ರಾ. ಬೇಂದ್ರೆಯವರೂ ಅಲ್ಲಿಗೇ. ಪರಸ್ಥಳದ ವೆಚ್ಚವನ್ನು ಹೊರಲಾರದವನಿಗೆ ಮಾಮಲೇದಾರರ ಕಚೇರಿ, ರೈಲ್ವೆ ಇಲ್ಲವೆ ಶಾಲೆಯ ಮಾಸ್ತರಿಕೆ. ಇಲ್ಲಿ ವೃತ್ತಿಯನ್ನು ನಿರ್ಣಯಿಸಿದುದು ಒಲವಿಗಿಂತ ಹೆಚ್ಚಾಗಿ ದೂರ. ಒಂದು ಕಾಲೇಜು ಹತ್ತಿರವಿಲ್ಲದುದರಿಂದ ಎಷ್ಟು ಮಂದಿಯ ವಿದ್ಯೆ ಮೆಟ್ರಿಕ್ಕಿಗೇ ನಿಂತಿತೆಂಬುದನ್ನು ನೆನೆದರೆ ಕರ್ನಾಟಕ ಕಾಲೇಜಿಗಾಗಿ ನಡೆದ ಪ್ರಯತ್ನದ ಬೆಲೆ ತಿಳಿಯುತ್ತದೆ.

ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೆ ಸೇರಿತ್ತು. ಅಲ್ಲಿ ೧೯೧೧ರಿಂದ ಮೆಟ್ರಿಕ್ಯುಲೇಶನ್ನಿನ ಸ್ಥಾನದಲ್ಲಿ ಎಸ್.ಎಸ್.ಎಲ್.ಸಿ. ಪದ್ಧತಿಯು ಬಂದಿತು. ಪ್ರೌಢಶಾಲೆಯ ಕೊನೆಯೆಂಬುದು ಸ್ವತಂತ್ರವಾದ ಒಂದು ಘಟ್ಟವಾಗಲಿ, ಕೇವಲ ಕಾಲೇಜಿನ ಹೊಸ್ತಿಲಾಗದಿರಲಿ ಎಂಬುದು ಅದರ ಆಶಯ. ಹೆಸರು ಬದಲಾಯಿತು, ಸರ್ಟಿಫಿಕೇಟಿನ ಬಳಕೆ ಬದಲಾಗಲಿಲ್ಲ. ಇದೇ ಜಿಲ್ಲೆಯಲ್ಲಿ ಬಾಸೆಲ್ ಮಿಶನ್ನಿನವರು ಶಾಲೆಗಳೊಡನೆ ನೇಯ್ಗೆ, ಮುದ್ರಣ, ಹಂಚಿನ ಕಾರ್ಖಾನೆಗಳನ್ನೂ ನಡೆಯಿಸಿದರು. ಮಂಗಳೂರಿನ ಹಂಚಿನ ಕಾರ್ಖಾನೆ ಆರಂಭವಾದುದು ೧೮೬೫ರಲ್ಲಿ. ಪುಸ್ತಕ ಮತ್ತು ಕೈಕೆಲಸಗಳೆರಡೂ ಒಂದೇ ಆವರಣದಲ್ಲಿದ್ದರೂ ಒಂದರಿಂದ ಇನ್ನೊಂದಕ್ಕೆ ದಾಟುವ ಮೆಟ್ಟಿಲು ಇರಲಿಲ್ಲ.

ಈ ಜಿಲ್ಲೆಯಲ್ಲಿಯೇ ಬೇರೊಂದು ಬಗೆಯ ಜೋಡಣೆ ಫಲಿಸಿತು. ಅಮ್ಮೆಂಬಳ ಸುಬ್ಬರಾವ್ ಪೈಯವರು ೧೮೯೧ರಲ್ಲಿ ಮಂಗಳೂರಿನಲ್ಲಿ ಕೆನರಾ ಹೈಸ್ಕೂಲನ್ನು ಸ್ಥಾಪಿಸಿದರು; ಅವರೇ ೧೯೦೬ರಲ್ಲಿ, ಮುಂದೆ ಕೆನರಾ ಬ್ಯಾಂಕಾಗಿ ಬೆಳೆದ ನಿಧಿಯನ್ನು ಸ್ಥಾಪಿಸಿದರು. ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕು ಹುಟ್ಟಿತು; ೧೯೨೪ರಲ್ಲಿ ಕರ್ಣಾಟಕ ಬ್ಯಾಂಕು, ೧೯೨೫ರಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ, ೧೯೩೧ರಲ್ಲಿ ವಿಜಯಾ ಬ್ಯಾಂಕು. ಇವುಗಳಲ್ಲಿ ಕೆಲವು ಈಗ ಬೇರೆ ಬ್ಯಾಂಕುಗಳಲ್ಲಿ ವಿಲೀನವಾಗಿವೆ. ಆದರೆ ಆ ಕಾಲದಲ್ಲಿ ಶಾಲೆಯಿಂದ ಹೊರಬಿದ್ದ ಹುಡುಗನಿಗೆ ಊರಿನವರೇ ಕಟ್ಟಿದ ಒಂದು ಮೂರನೆಯ ಬಾಗಿಲು ಇವುಗಳಿಂದ ತೆರೆಯಿತು. ಸರಕಾರದ ಕಚೇರಿಯನ್ನು ಕಾಯದೆ ಶಾಖೆಯಿಂದ ಶಾಖೆಗೆ, ಪ್ರಾಂತದಿಂದ ಪ್ರಾಂತಕ್ಕೆ ಹೋಗುವ ಒಂದು ವೃತ್ತಿ ದೊರೆಯಿತು. ಹೊರನಾಡಿನ ಕನ್ನಡ ವಸತಿಗಳ ಬೆಳವಣಿಗೆಯಲ್ಲಿ ಇದರ ಪಾಲು ಸಣ್ಣದಲ್ಲ.

ಮೈಸೂರು ಸಂಸ್ಥಾನದ ಕಥೆ ಇವೆರಡಕ್ಕಿಂತ ಭಿನ್ನ. ೧೯೧೧ರಲ್ಲಿ ಮೈಸೂರು ಎಕನಾಮಿಕ್ ಕಾನ್ಫರೆನ್ಸ್ ಏರ್ಪಟ್ಟಿತು. ಅದರ ಹಿಂದಿದ್ದ ಎಂ. ವಿಶ್ವೇಶ್ವರಯ್ಯನವರು ೧೯೧೨ರಿಂದ ೧೯೧೮ರವರೆಗೆ ದಿವಾನರಾಗಿದ್ದರು. ಅವರ ಆಡಳಿತದ ಆರಂಭದ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಶಾಲೆ, ಮೈಸೂರಿನಲ್ಲಿ ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟು, ಹೆಬ್ಬಾಳದಲ್ಲಿ ಕೃಷಿಶಾಲೆ ನಡೆಯತೊಡಗಿದವು. ೧೯೧೬ರಲ್ಲಿ ವಿಶ್ವವಿದ್ಯಾನಿಲಯವೂ ಬಂದಿತು. ಪ್ರೌಢಶಾಲೆಯ ಮೇಲೆ ಒಂದೇ ದಾರಿಯಿರದೆ ಹಲವು ದಾರಿಗಳಿರಬೇಕೆಂಬ ವಿಚಾರವನ್ನು ಒಂದು ಸರಕಾರವು ಕಾರ್ಯದಲ್ಲಿ ತೋರಿಸಿದ ಉದಾಹರಣೆಯಿದು. ಆದರೂ ಈ ಶಾಲೆಗಳಿಂದ ಬಂದವರಿಗೆ ವಿಪುಲವಾಗಿ ಕೆಲಸ ದೊರೆತುದು ಮುಂದಿನ ತಲೆಮಾರಿನಲ್ಲಿ.

೧೯೪೦ರಲ್ಲಿ ಬೆಂಗಳೂರಿನಲ್ಲಿ ಹಿಂದುಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಸ್ಥಾಪಿತವಾಯಿತು. ೧೯೪೮ರಲ್ಲಿ ಟೆಲಿಫೋನ್ ಕಾರ್ಖಾನೆ, ೧೯೫೩ರಲ್ಲಿ ಹಿಂದುಸ್ಥಾನ್ ಮೆಷೀನ್ ಟೂಲ್ಸ್, ೧೯೫೪ರಲ್ಲಿ ಭಾರತ್ ಇಲೆಕ್ಟ್ರಾನಿಕ್ಸ್ ಅದನ್ನು ಹಿಂಬಾಲಿಸಿದವು. ಈ ಕಾರ್ಖಾನೆಗಳು ಹುಡುಗರನ್ನು ಅಪ್ರೆಂಟಿಸರಾಗಿ ತೆಗೆದುಕೊಂಡು, ಕಲಿಸಿ, ಕೆಲಸ ಕೊಟ್ಟವು. ಆಗ ಎಸ್.ಎಸ್.ಎಲ್.ಸಿ. ಆದ ಹುಡುಗರು, ತಲೆಮಾರುಗಳಿಂದ ಲೇಖಣಿಯನ್ನೇ ನಂಬಿದ್ದ ಮನೆಗಳವರೂ ಸಹ, ನೀಲಿ ಅಂಗಿ ತೊಟ್ಟು ಲೇತಿನ ಮುಂದೆ ನಿಲ್ಲಲು ಹಿಂಜರಿಯಲಿಲ್ಲ. ಮನೋಧರ್ಮವು ಮೊದಲು ಬದಲಾಗಿ ಆಮೇಲೆ ಉದ್ಯೋಗ ಬಂದುದಲ್ಲ. ಉದ್ಯೋಗ ಬಂದ ಮೇಲೆ ಮನೋಧರ್ಮ ಬದಲಾಯಿತು.

ಹೆಣ್ಣುಮಕ್ಕಳ ವಿಷಯವನ್ನು ಪ್ರತ್ಯೇಕವಾಗಿಯೇ ಹೇಳಬೇಕು. ೧೯೨೯ರ ಶಾರದಾ ಕಾನೂನು ಹುಡುಗಿಯರ ವಿವಾಹಕ್ಕೆ ಗೊತ್ತುಮಾಡಿದ ಕನಿಷ್ಠ ವಯಸ್ಸೇ ಹದಿನಾಲ್ಕು. ಪ್ರೌಢಶಾಲೆ ಮುಗಿಯುವುದು ಅದಕ್ಕೂ ಆಚೆ. ಅಂದರೆ ಬಹುಪಾಲು ಹುಡುಗಿಯರಿಗೆ ಈ ಪ್ರಶ್ನೆ ಎದುರಾಗುವ ಮೊದಲೇ ಉತ್ತರವು ನಿಶ್ಚಯವಾಗಿರುತ್ತಿತ್ತು. ಆ ಗಡಿಯನ್ನು ದಾಟಿ ಬಂದ ಕೆಲವರಿಗೆ ಉಪಾಧ್ಯಾಯಿನಿ, ದಾದಿ, ಸೂಲಗಿತ್ತಿಯ ಕೆಲಸಗಳು ತೆರೆದಿದ್ದವು. ಅವರಲ್ಲಿ ವಿಧವೆಯರ ಸಂಖ್ಯೆ ಗಮನಾರ್ಹವಾಗಿತ್ತು. ಗಂಡುಮಕ್ಕಳಿಗೆ ಆಯ್ಕೆಯು ಇಕ್ಕಟ್ಟಾಗಿದ್ದರೆ ಇವರಿಗೆ ಅದು ಆಪತ್ತಿನ ಮೂಲಕವೇ ದೊರೆಯುತ್ತಿತ್ತು.

೫

ಇಷ್ಟರವರೆಗೆ ಹೇಳಿದುದರಲ್ಲಿ ಶಾಲೆ ಮೊದಲು, ವೃತ್ತಿ ಆಮೇಲೆ. ಆದರೆ ಮುಂಬಯಿಯ ಕನ್ನಡಿಗರ ಚರಿತ್ರೆಯಲ್ಲಿ ಈ ಕ್ರಮವೇ ತಲೆಕೆಳಗಾದ ಒಂದು ಅಧ್ಯಾಯವಿದೆ. ದಕ್ಷಿಣ ಕನ್ನಡದ ಹಳ್ಳಿಗಳಿಂದ ಹತ್ತು ಹನ್ನೆರಡು ವರ್ಷದ ಹುಡುಗರು, ಪ್ರಾಥಮಿಕ ಶಾಲೆಯನ್ನು ಮುಗಿಸಿಯೋ ಮುಗಿಸದೆಯೋ, ಹಡಗು ಹತ್ತಿ ಮುಂಬಯಿಗೆ ಬರುತ್ತಿದ್ದರು. ಹೊಟೇಲುಗಳಲ್ಲಿ ಮೇಜು ಒರಸುವ, ಲೋಟ ತೊಳೆಯುವ ಕೆಲಸ ಅವರಿಗೆ ಮೊದಲು ಸಿಕ್ಕುತ್ತಿತ್ತು. ವೃತ್ತಿಯು ಇವರಿಗೆ ಮೊದಲೇ ದೊರೆತಿತ್ತು. ದೊರೆಯದಿದ್ದುದು ಅದನ್ನು ಬಿಟ್ಟು ಬೇರೆಯದನ್ನು ಹಿಡಿಯುವ ಅಧಿಕಾರ.

ಆ ಅಧಿಕಾರವನ್ನು ಕೊಟ್ಟುದು ರಾತ್ರಿ ಶಾಲೆಗಳು. ೧೯೦೨ರಲ್ಲಿ ಸ್ಥಾಪಿತವಾದ ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಎಸೋಸಿಯೇಶನ್ ಮುಂತಾದ ಸಂಸ್ಥೆಗಳು ಇಂತಹ ಶಾಲೆಗಳನ್ನು ನಡೆಯಿಸಿದವು. ಹಗಲೆಲ್ಲ ದುಡಿದ ಹುಡುಗನು ರಾತ್ರಿ ಎರಡು ಮೂರು ತಾಸು ಬೆಂಚಿನ ಮೇಲೆ ಕುಳಿತು ಕನ್ನಡವನ್ನೂ ಇಂಗ್ಲಿಷನ್ನೂ ಗಣಿತವನ್ನೂ ಕಲಿತನು. ಕಲಿಸಿದವರಲ್ಲಿ ಅನೇಕರು ತಾವೂ ಹಗಲು ಕಚೇರಿಯಲ್ಲಿ ದುಡಿದು ಬಂದವರೇ. ಕೊನೆಯಲ್ಲಿದ್ದುದು ಅದೇ ಮೆಟ್ರಿಕ್ಯುಲೇಶನ್. ೧೯೪೯ರಿಂದ ಮುಂಬಯಿಯಲ್ಲಿ ವಿಶ್ವವಿದ್ಯಾನಿಲಯದ ಬದಲು ಪ್ರತ್ಯೇಕ ಮಂಡಲಿಯೊಂದು ನಡೆಯಿಸತೊಡಗಿದ ಎಸ್.ಎಸ್.ಸಿ. ಪರೀಕ್ಷೆ.

ಈ ಪರೀಕ್ಷೆ ಪಾಸಾದವನ ಮುಂದೆ ಹಲವು ಕವಲುಗಳು ಒಡೆಯುತ್ತಿದ್ದವು. ಟೈಪಿಂಗ್, ಶೀಘ್ರಲಿಪಿ ಕಲಿತು ಕಂಪನಿಯ ಕಚೇರಿಗೆ ಸೇರಬಹುದು. ಬ್ಯಾಂಕಿಗೋ ಬಂದರಿಗೋ ರೈಲ್ವೆಗೋ ಅರ್ಜಿ ಹಾಕಬಹುದು. ಕೈ ನೆಟ್ಟಗಿದ್ದವನು ಮಾಟುಂಗದ ವಿಕ್ಟೋರಿಯಾ ಜ್ಯುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನತ್ತ ನೋಡಬಹುದು. ೧೮೮೭ರಲ್ಲಿ ಸ್ಥಾಪನೆಯಾಗಿ ಬಟ್ಟೆ ಗಿರಣಿಗಳಿಗೂ ಯಂತ್ರಶಾಲೆಗಳಿಗೂ ಬೇಕಾದವರನ್ನು ತರಬೇತುಗೊಳಿಸಿದ ಸಂಸ್ಥೆಯದು. ಓದಿನ ಹಂಬಲ ಉಳಿದವನಿಗೆ ಡಾ. ಅಂಬೇಡ್ಕರರು ೧೯೪೬ರಲ್ಲಿ ಸ್ಥಾಪಿಸಿದ ಸಿದ್ಧಾರ್ಥ ಕಾಲೇಜಿನ ಬೆಳಗಿನ ತರಗತಿಗಳಿದ್ದವು. ಇನ್ನು ಕೆಲವರು ಓದು ಮುಗಿಸಿ ಮತ್ತೆ ಹೊಟೇಲಿಗೇ ಹೋದರು; ಆದರೆ ಈ ಸಲ ಲೆಕ್ಕಪತ್ರ ಬಲ್ಲ ಪಾಲುದಾರರಾಗಿ, ಮಾಲಿಕರಾಗಿ. ಅದೇ ಉದ್ಯಮಕ್ಕೆ ಎರಡನೆಯ ಸಲ ತಾನಾಗಿ ಬಂದುದು ನಿಜವಾದ ಅರ್ಥದಲ್ಲಿ ಆಯ್ಕೆ.

ಆಯೋಗಗಳು ಕಾಗದದ ಮೇಲೆ ಹುಡುಕುತ್ತಿದ್ದ ಗುಣವೊಂದು ಈ ರಾತ್ರಿ ಶಾಲೆಗಳಲ್ಲಿ ತಾನಾಗಿಯೇ ಇತ್ತು. ಇಲ್ಲಿಯ ವಿದ್ಯಾರ್ಥಿಯು ದುಡಿಮೆಯನ್ನು ಕಂಡು ಬಂದವನು. ಯಾವ ಕೆಲಸದ ಹಿಂದೆ ಎಷ್ಟು ಬೆವರಿದೆ, ಎಷ್ಟು ಸಂಬಳವಿದೆ ಎಂಬುದನ್ನು ಬಲ್ಲವನು. ಹಾಗೆಂದು ಬಾಲ್ಯದ ದುಡಿಮೆಯನ್ನು ಹೊಗಳುವುದು ಸಲ್ಲದು. ರಾತ್ರಿ ಶಾಲೆಯನ್ನು ಮುಟ್ಟದೆಯೇ ಉಳಿದ, ಮುಟ್ಟಿಯೂ ನಿದ್ದೆಗೆ ಸೋತು ಬಿಟ್ಟ ಹುಡುಗರೂ ಇದ್ದರು. ಅವರ ಹೆಸರುಗಳನ್ನು ಯಾವ ಸ್ಮರಣ ಸಂಚಿಕೆಯೂ ಅಚ್ಚುಹಾಕಲಿಲ್ಲ.

೬

ಇಪ್ಪತ್ತನೆಯ ಶತಮಾನದುದ್ದಕ್ಕೂ ಹಂಟರ್ ಆಯೋಗದ ಸಲಹೆಯೇ ಹೊಸ ಹೊಸ ರೂಪಗಳಲ್ಲಿ ಮರಳಿ ಬಂದಿತು. ೧೯೨೯ರಲ್ಲಿ ಹಾರ್ಟಾಗ್ ಸಮಿತಿಯು ಮೆಟ್ರಿಕ್ಯುಲೇಶನ್ನಿನ ಪ್ರಾಬಲ್ಯವನ್ನು ಖಂಡಿಸಿ, ಮಿಡ್ಲ್ ಸ್ಕೂಲಿನ ಕೊನೆಯಲ್ಲಿಯೇ ಹೆಚ್ಚು ಹುಡುಗರನ್ನು ಕೈಗಾರಿಕೆ ವಾಣಿಜ್ಯಗಳ ಕಡೆಗೆ ತಿರುಗಿಸಬೇಕೆಂದಿತು. ೧೯೩೭ರಲ್ಲಿ ಆಬಟ್ ಮತ್ತು ವುಡ್ ಎಂಬವರು ವೃತ್ತಿಶಿಕ್ಷಣದ ಬಗ್ಗೆ ವರದಿ ಕೊಟ್ಟರು. ೧೯೪೪ರ ಸಾರ್ಜೆಂಟ್ ಯೋಜನೆ ಎರಡು ಬಗೆಯ ಪ್ರೌಢಶಾಲೆಗಳನ್ನು ಸೂಚಿಸಿತು. ೧೯೫೨-೫೩ರಲ್ಲಿ ಡಾ. ಎ. ಲಕ್ಷ್ಮಣಸ್ವಾಮಿ ಮೊದಲಿಯಾರರ ಆಯೋಗವು ಬಹೂದ್ದೇಶ ಶಾಲೆಗಳನ್ನೂ ಏಳು ಐಚ್ಛಿಕ ವರ್ಗಗಳನ್ನೂ ಸೂಚಿಸಿತು. ೧೯೬೪-೬೬ರ ಕೊಠಾರಿ ಆಯೋಗವು ಹತ್ತನೆಯ ತರಗತಿಯ ಮೇಲಿನ ವಿದ್ಯಾರ್ಥಿಗಳಲ್ಲಿ ನೂರಕ್ಕೆ ಐವತ್ತು ಮಂದಿ ವೃತ್ತಿಶಿಕ್ಷಣದಲ್ಲಿರಬೇಕೆಂದು ಬಯಸಿತು. ೧೯೮೬ರ ರಾಷ್ಟ್ರೀಯ ನೀತಿ ಆ ಗುರಿಯನ್ನು ಇಳಿಸಿ ೧೯೯೦ಕ್ಕೆ ನೂರಕ್ಕೆ ಹತ್ತು, ೧೯೯೫ಕ್ಕೆ ನೂರಕ್ಕೆ ಇಪ್ಪತ್ತೈದು ಎಂದಿತು. ಅದೂ ಈಡೇರಲಿಲ್ಲ. ೨೦೨೦ರ ನೀತಿಯು ಮತ್ತೆ ನೂರಕ್ಕೆ ಐವತ್ತರ ಮಾತನ್ನೆತ್ತಿ, ೨೦೨೫ರೊಳಗೆ ಅಷ್ಟು ಮಂದಿಗಾದರೂ ವೃತ್ತಿಶಿಕ್ಷಣದ ಪರಿಚಯವಾಗಬೇಕೆಂದಿತು.

ಇವುಗಳ ನಡುವೆ ಫಲ ಕೊಟ್ಟ ಕ್ರಮಗಳೂ ಇವೆ. ೧೯೫೦ರ ಕುಶಲಕರ್ಮಿಗಳ ತರಬೇತಿ ಯೋಜನೆಯಿಂದ ಐ.ಟಿ.ಐ.ಗಳು ಬೆಳೆದವು, ೧೯೬೧ರ ಅಪ್ರೆಂಟಿಸರ ಕಾಯಿದೆ ಕಾರ್ಖಾನೆಗಳ ಮೇಲೆ ಕಲಿಸುವ ಹೊಣೆಯನ್ನು ಹೊರಿಸಿತು. ಇದಕ್ಕಿಂತಲೂ ಗಮನಿಸತಕ್ಕುದು ಪಾಲಿಟೆಕ್ನಿಕ್ಕುಗಳ ಅನುಭವ. ಎಸ್.ಎಸ್.ಎಲ್.ಸಿ. ಆದ ಮೇಲೆ ಮೂರು ವರ್ಷದ ಡಿಪ್ಲೊಮಾ ಮುಗಿಸಿದವನು ಇಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದೆಂದಾದಾಗ ಆ ದಾರಿ ಮುಚ್ಚಿದ ಓಣಿಯಾಗಿ ಉಳಿಯಲಿಲ್ಲ. ಕೆಲಸಕ್ಕೂ ಹೋಗಬಹುದು, ಮೇಲಕ್ಕೂ ಹೋಗಬಹುದು. ಹಂಟರ್ ಆಯೋಗದ ವ್ಯಾವಹಾರಿಕ ಶಾಖೆಗೆ ಇಲ್ಲದಿದ್ದ ಎರಡನೆಯ ಬಾಗಿಲು ಇದೇ.

ಮೇಲಿನ ವಿವೇಚನೆಯಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಪ್ರೌಢಶಾಲೆ ಮುಗಿಸಿದ ಹುಡುಗ ಹುಡುಗಿಯರು ಯಾವ ದಾರಿಯನ್ನು ಹಿಡಿಯುವರೆಂಬುದು ಉಪದೇಶದಿಂದ ನಿರ್ಣಯವಾಗುವುದಿಲ್ಲ. ಆ ದಾರಿಯ ಕೊನೆಯಲ್ಲಿ ಸಂಬಳವಿದೆಯೇ, ಹಿಡಿದ ದಾರಿ ತಪ್ಪೆಂದು ಕಂಡರೆ ಮತ್ತೊಂದಕ್ಕೆ ದಾಟುವ ಸೇತುವೆಯಿದೆಯೇ ಎಂಬುದರ ಮೇಲೆ ನಿರ್ಣಯವಾಗುತ್ತದೆ. ಹದಿನಾರನೆಯ ವಯ��್ಸಿನ ನಿರ್ಧಾರವು ಇಡೀ ಬಾಳಿನ ತೀರ್ಪಾಗದಂತೆ ನೋಡಿಕೊಳ್ಳುವುದು ಸಮಾಜದ ಹೊಣೆ. ಮುಂಬಯಿಯ ರಾತ್ರಿ ಶಾಲೆಗಳು ಬಡ ಹುಡುಗರಿಗೆ ಕೊಟ್ಟುದು ಇದನ್ನೇ, ಅಂದರೆ ಎರಡನೆಯ ಸಲ ಆರಿಸಿಕೊಳ್ಳುವ ಅವಕಾಶವನ್ನು.

ಆ ಶಾಲೆಗಳ ಪ್ರವೇಶ ಪುಸ್ತಕಗಳು, ಹಾಜರಿ ಪಟ್ಟಿಗಳು, ವಾರ್ಷಿಕ ವರದಿಗಳು ಕನ್ನಡಿಗರ ವಲಸೆಯ ಚರಿತ್ರೆಗೆ ಮೂಲಸಾಮಗ್ರಿಗಳು. ಸರಕಾರದ ವರದಿಗಳಲ್ಲಿ ಸಂಖ್ಯೆಗಳಾಗಿ ಮಾತ್ರ ಕಾಣುವ ಹುಡುಗರು ಅವುಗಳಲ್ಲಿ ಊರು, ವಯಸ್ಸು, ಹೆಸರುಗಳೊಡನೆ ಕಾಣಸಿಗುತ್ತಾರೆ. ನಗರದ ಹಳೆಯ ಕಟ್ಟಡಗಳು ಒಂದೊಂದಾಗಿ ಉರುಳುತ್ತಿರುವಾಗ ಕಪಾಟುಗಳಲ್ಲಿ ಉಳಿದಿರುವ ಈ ಕಾಗದಗಳಿಗೆ ಆಯುಸ್ಸು ಹೆಚ್ಚಿಲ್ಲ. ಅವುಗಳನ್ನು ಒಂದೆಡೆ ಕೂಡಿಸಿ ಕಾಪಾಡುವ ಕಾರ್ಯವನ್ನು ಹೊರನಾಡಿನ ಕನ್ನಡ ಸಂಘಗಳು ವಿಳಂಬವಿಲ್ಲದೆ ಕೈಗೊಳ್ಳುವುದು ಅವಶ್ಯ.